ತಲೆಕಟ್ಟು ಕಳೆದುಕೊಂಡ ಹಾಡುಗಳು

ಸಿದ್ರಾಮಪ್ಪನಿಗೆ ಪ್ರಶ್ನೆ ಕೇಳುವ ಚಟ. ಎಲೆ ಅಡಿಕೆ ಬಿಟ್ಟ, ಬೀಡಿ ಬಿಟ್ಟ, ಇದೊಂದನ್ನು ಮಾತ್ರ ಬಿಡಲಾಗಲಿಲ್ಲ. ಹ್ಯೂಸ್ಟನ್ನಿನ ಹಿಲ್‌ಕ್ರಾಫ್ಟ್ ರಸ್ತೆಯಲ್ಲಿ ಅವನದೊಂದು ಸಣ್ಣ ಪ್ರಿಂಟಿಂಗ್ ಅಂಗಡಿ. ಮದುವೆ ಪತ್ರಿಕೆ, ಹೋಟೆಲಿನ ಮೆನು, ರಸೀದಿ ಪುಸ್ತಕ, ಇಷ್ಟೇ ವ್ಯಾಪಾರ. ಗಿರಾಕಿ ಮಗಳ ಮದುವೆ ಪತ್ರಿಕೆ ಮಾಡಿಸಲು ಬಂದರೆ ಹುಡುಗ ಏನು ಕೆಲಸದಲ್ಲಿದ್ದಾನೆ ಎಂದು ಇವನು ಕೇಳುವನು. ಎಣ್ಣೆ ಕಂಪನಿ ಅಂದರೆ ಮುಗಿಯಿತು. ಎಷ್ಟು ಅಡಿ ಕೊರೆಯುತ್ತಾರೆ, ಮೇಲೆ ಬಂದ ಮಣ್ಣನ್ನು ಎಲ್ಲಿ ಸುರಿಯುತ್ತಾರೆ, ಕೊರೆಯುವ ಕೋಲು ಮುರಿದರೆ ಹೇಗೆ ತೆಗೆಯುತ್ತಾರೆ ಎಂದು ಆ ಬಡಪಾಯಿಯನ್ನು ಅರ್ಧ ಗಂಟೆ ನಿಲ್ಲಿಸಿಕೊಳ್ಳುವನು. ಪತ್ರಿಕೆಯ ಕಾಗದ ಯಾವುದು ಎನ್ನುವ ಮಾತು ಆಮೇಲೆ ಬರುತ್ತಿತ್ತು.

ಅವನು ಮೂಲತಃ ಗದಗಿನವನು, ಕಸುಬಿನಿಂದ ಕಂಪೋಸಿಟರ್. ಹದಿನಾರನೆಯ ವಯಸ್ಸಿಗೆ ಪ್ರೆಸ್ಸು ಸೇರಿ ಇಪ್ಪತ್ತೆರಡು ವರ್ಷ ಅಚ್ಚಿನ ಮೊಳೆ ಜೋಡಿಸಿದ. ಕನ್ನಡದ ಮೊಳೆ ಜೋಡಿಸುವುದು ಹುಡುಗಾಟವಲ್ಲ. ನಾವು ನೀವು ಒಂದು ಅಕ್ಷರ ಎಂದು ಓದುವುದು ಅವನ ಕೈಯಲ್ಲಿ ಎರಡೋ ಮೂರೋ ತುಂಡು. ಅಕ್ಷರದ ಮೈ ಒಂದು ಮೊಳೆ, ಮೇಲಿನ ತಲೆಕಟ್ಟು ಇನ್ನೊಂದು, ಕೊಂಬು ಮತ್ತೊಂದು, ಕೆಳಗಿನ ಒತ್ತು ಮಗದೊಂದು. ಎದುರಿಗೆ ಕೇಸು ಅನ್ನುವ ಮರದ ದೊಡ್ಡ ತಟ್ಟೆ, ಅದರಲ್ಲಿ ನೂರಾರು ಮನೆ. ಯಾವ ಮನೆಯಲ್ಲಿ ಯಾವ ತುಂಡು ಎಂದು ಕೈಗೆ ಗೊತ್ತಿರಬೇಕು, ಕಣ್ಣು ಹಸ್ತಪ್ರತಿಯ ಮೇಲೇ ಇರಬೇಕು. ಸಿದ್ರಾಮಪ್ಪನ ಕೈಗೆ ಅದು ಚೆನ್ನಾಗಿ ಗೊತ್ತಿತ್ತು.

೧೯೮೭ರಲ್ಲಿ ಹೆಂಡತಿ ಶಾಂತವ್ವನ ಅಣ್ಣ ಕಾಗದಪತ್ರ ಮಾಡಿಸಿ ಇವರನ್ನು ಕರೆಸಿಕೊಂಡ. ಮೊದಲ ವರ್ಷ ಡಾಲಸ್ ಪಕ್ಕದ ಅರ್ವಿಂಗಿನಲ್ಲಿ ಆ ಅಣ್ಣನ ಮೋಟೆಲ್. ಗಂಡ ಹೆಂಡತಿ ಸೇರಿ ದಿನಕ್ಕೆ ನಲವತ್ತು ಹಾಸಿಗೆಯ ಹೊದಿಕೆ ಬದಲಾಯಿಸಿದರು. ಆಮೇಲೆ ಹ್ಯೂಸ್ಟನ್ನಿನಲ್ಲಿ ಗುಜರಾತಿಯೊಬ್ಬ ತನ್ನ ಪ್ರಿಂಟಿಂಗ್ ಅಂಗಡಿ ಬಿಟ್ಟುಕೊಡುತ್ತಾನೆಂದು ಕೇಳಿ ಇಲ್ಲಿಗೆ ಬಂದರು. ಆಗ ಮಗ ಶ್ರೀಶೈಲನಿಗೆ ಹದಿಮೂರು.

ಅಂಗಡಿಯಲ್ಲಿ ಪತ್ರಿಕೆ ಮಡಚುವ ಕೆಲಸ ಶಾಂತವ್ವನದು. ಮಡಚುತ್ತಾ ಹಾಡುತ್ತಿದ್ದಳು. ತಾಯಿಯಿಂದ ಕಲಿತ ಬೀಸುವ ಪದಗಳು. ಬೀಸುಕಲ್ಲು ಇಲ್ಲದಿದ್ದರೇನು, ಐನೂರು ಪತ್ರಿಕೆಗೂ ಒಂದು ಲಯ ಬೇಕಲ್ಲ. ಹಳೆಯವು ಸಾಲದಾದಾಗ ತಾನೇ ಕಟ್ಟಿ ಸೇರಿಸುತ್ತಿದ್ದಳು. ಮೋಟೆಲಿನ ಮೇಲೊಂದು, ಹ್ಯೂಸ್ಟನ್ನಿನ ಸೆಕೆಯ ಮೇಲೊಂದು, ಅಣ್ಣನ ಹೆಂಡತಿಯ ಜಂಭದ ಮೇಲೆ ನಾಲ್ಕು.

೧೯೯೮ರಲ್ಲಿ ಅಂಗಡಿಗೆ ಕಂಪ್ಯೂಟರ್ ಬಂತು, ಹುಬ್ಬಳ್ಳಿಯಿಂದ ಕನ್ನಡದ ಫಾಂಟೂ ಬಂತು. ಸಿದ್ರಾಮಪ್ಪ ಅದನ್ನು ಒತ್ತಿ ನೋಡಿ ಹಿಗ್ಗಿಹೋದ. ಅದರೊಳಗೂ ಅಕ್ಷರ ತುಂಡು ತುಂಡಾಗಿಯೇ ಇತ್ತು: ಮೈ ಬೇರೆ, ತಲೆಕಟ್ಟು ಬೇರೆ, ಒತ್ತು ಬೇರೆ. ಫಾಂಟು ಮಾಡಿದ ಪುಣ್ಯಾತ್ಮ ಯಾರೋ ಕಂಪೋಸಿಟರ್ ಮಗನೇ ಇರಬೇಕೆಂದು ಎಲ್ಲರ ಮುಂದೂ ಹೇಳಿದ. ಆ ಚಳಿಗಾಲವಿಡೀ ಶಾಂತವ್ವ ಹೇಳಿದಳು, ಇವನು ಟೈಪು ಮಾಡಿದ. ನೂರಾ ಹನ್ನೆರಡು ಹಾಡು. ಒಂದು ಪ್ರತಿ ಅಚ್ಚು ಹಾಕಿ ಅಂಗಡಿಯ ಕಪಾಟಿನಲ್ಲಿಟ್ಟ, ಫೈಲನ್ನು ಒಂದು ಫ್ಲಾಪಿಗೆ ತುಂಬಿ ಆಸ್ಟಿನ್ನಿನಲ್ಲಿ ಆಗತಾನೇ ಕೆಲಸಕ್ಕೆ ಸೇರಿದ್ದ ಶ್ರೀಶೈಲನ ಕೈಗೆ ಕೊಟ್ಟ.

೨೦೦೧ರ ಜೂನಿನಲ್ಲಿ ಹ್ಯೂಸ್ಟನ್ ಮುಳುಗಿತು. ಅಂಗಡಿಯೊಳಗೆ ಎದೆಮಟ್ಟ ನೀರು. ಕಂಪ್ಯೂಟರ್, ಕಾಗದ, ಕಪಾಟಿನ ಪ್ರತಿ, ಎಲ್ಲ ಹೋಯಿತು. ಸಿದ್ರಾಮಪ್ಪ ಕಾಗದಕ್ಕಾಗಿ ಅತ್ತನೇ ಹೊರತು ಹಾಡಿಗಾಗಿ ಅಳಲಿಲ್ಲ. ಫ್ಲಾಪಿ ಆಸ್ಟಿನ್ನಿನಲ್ಲಿತ್ತು, ಹಾಡುವವಳು ಮನೆಯಲ್ಲಿದ್ದಳು. ಇನ್ನೇನು ಚಿಂತೆ?

೨೦೦೩ರ ಮಾರ್ಚಿನಲ್ಲಿ ಶಾಂತವ್ವನಿಗೆ ಲಕ್ವ ಹೊಡೆಯಿತು. ಬಲಗೈ ಅರ್ಧ ಹೋಯಿತು, ಮಾತು ಪೂರ್ತಿ ಹೋಯಿತು. ಹೇಳಿದ್ದೆಲ್ಲ ತಿಳಿಯುತ್ತಿತ್ತು. ಉತ್ತರ ಕೊಡಲು ಬಾಯಿ ತೆರೆದರೆ ಮಾತೇ ಬರುತ್ತಿರಲಿಲ್ಲ, ಸಿಟ್ಟಿನಿಂದ ಕಣ್ಣಲ್ಲಿ ನೀರು ಬರುತ್ತಿತ್ತು. ಆದರೆ ರಾಗ ಮಾತ್ರ ಉಳಿದಿತ್ತು. ಬೆಳಿಗ್ಗೆ ಕಿಟಕಿಯ ಹತ್ತಿರ ಕೂತು ಅದನ್ನೇ ಗುನುಗುತ್ತಿದ್ದಳು. ಮಾತು ಕಲಿಸಲು ಬರುತ್ತಿದ್ದ ಆಸ್ಪತ್ರೆಯ ಹೆಂಗಸು ಅದನ್ನು ಕೇಳಿ, ಮಾತು ಹೋದವರು ಎಷ್ಟೋ ಸಲ ಹಾಡಿನ ಹಿಂದೆ ಮಾತನ್ನು ಹಿಡಿಯುತ್ತಾರೆ, ಇವರಿಗೆ ಗೊತ್ತಿರುವ ಹಾಡಿನ ಪದಗಳನ್ನು ಓದಿ ಹೇಳಿಕೊಡಿ ಎಂದಳು.

ಸಿದ್ರಾಮಪ್ಪನಿಗೆ ಎದೆ ಧಸಕ್ಕೆಂದಿತು. ಹದಿನೈದು ವರ್ಷ ದಿನಾ ಕೇಳಿದ್ದ, ನೂರಾ ಹನ್ನೆರಡನ್ನೂ ಕೈಯಾರೆ ಟೈಪು ಮಾಡಿದ್ದ, ಈಗ ನೋಡಿದರೆ ಒಂದೂ ಪೂರ್ತಿ ಬಾಯಿಗೆ ಬರಲಿಲ್ಲ. ಕಂಪೋಸಿಟರನ ಹಣೆಬರಹವೇ ಅಷ್ಟು. ಅಚ್ಚಾದ ಮೇಲೆ ಮೊಳೆಗಳನ್ನು ಬಿಚ್ಚಿ ವಾಪಸ್ ಅವವುಗಳ ಮನೆಗೆ ಹಾಕುತ್ತಾನೆ, ತಲೆ ಮತ್ತೆ ಖಾಲಿ. ಆ ದಿನವೇ ಶ್ರೀಶೈಲನಿಗೆ ಫೋನ್ ಮಾಡಿ ಫ್ಲಾಪಿ ಹುಡುಕು ಎಂದ. ಮೇ ತಿಂಗಳ ಮೊದಲ ಶನಿವಾರ ಹೆಂಡತಿಯನ್ನು ಕಾರಿನಲ್ಲಿ ಕೂರಿಸಿಕೊಂಡು ೨೯೦ನೆಯ ಹೆದ್ದಾರಿ ಹಿಡಿದು ಆಸ್ಟಿನ್ನಿಗೆ ಹೊರಟ. ದಾರಿಯುದ್ದಕ್ಕೂ ಅವಳು ಗುನುಗುತ್ತಿದ್ದಳು.

ಶ್ರೀಶೈಲನ ಮನೆ ಪಾರ್ಮರ್ ಲೇನಿನ ಒಂದು ಅಪಾರ್ಟ್‌ಮೆಂಟ್. ಅಡುಗೆಮನೆ ಪಕ್ಕದ ಮೇಜಿನ ಮೇಲೆ ಕಂಪ್ಯೂಟರ್, ಅದರಲ್ಲಿ ಹುಬ್ಬಳ್ಳಿಯ ಅದೇ ಫಾಂಟು. ತಾಯಿಯನ್ನು ಸೋಫಾದ ಮೇಲೆ ಕೂರಿಸಿ, ಅವನು ಫ್ಲಾಪಿ ಹಾಕಿ ಫೈಲು ತೆರೆದ. ಪರದೆಯ ತುಂಬ ಬೋಳು ಅಕ್ಷರಗಳು. ತಲೆಕಟ್ಟಿಲ್ಲ, ಕೊಂಬಿಲ್ಲ, ಒತ್ತಿಲ್ಲ. ಅವು ಇರಬೇಕಾದಲ್ಲೆಲ್ಲ ಒಂದೊಂದು ಪ್ರಶ್ನೆ ಚಿಹ್ನೆ, ಸಾಲಿಗೆ ಹತ್ತು, ಹನ್ನೆರಡು. ಶ್ರೀಶೈಲ ಕೆಳಕ್ಕೆ ಸರಿಸಿದ, ಇನ್ನೂ ಕೆಳಕ್ಕೆ ಸರಿಸಿದ. ನೂರಾ ಹನ್ನೆರಡೂ ಹಾಗೆಯೇ ಇದ್ದವು.

ಅವನ ಮುಖ ಬಿಳಿಚಿಕೊಂಡಿತು. ತಂದೆಯ ಕಡೆ ತಿರುಗದೆಯೇ ಹೇಳಿದ.

"ಅಪ್ಪಾ, ಇದನ್ನ ನಾನ ಹಾಳ ಮಾಡೀನ್ರಿ."

ಆಗಿದ್ದು ಇಷ್ಟು. ಮೂರು ವರ್ಷದ ಹಿಂದೆ ಅವ್ವನ ಹಾಡುಗಳದೊಂದು ವೆಬ್‌ಸೈಟ್ ಮಾಡಿ ಅವಳ ಹುಟ್ಟುಹಬ್ಬಕ್ಕೆ ತೋರಿಸಬೇಕೆಂದು ಅವನಿಗೆ ಆಸೆ ಹುಟ್ಟಿತ್ತು. ಊಟದ ಬಿಡುವಿನಲ್ಲಿ ಆಫೀಸಿನ ಯಂತ್ರದ ಮೇಲೆ ಫ್ಲಾಪಿ ಹಾಕಿ, ಸಾಲುಗಳ ಕೊನೆಯಲ್ಲಿದ್ದ ಬೇಡದ ಚಿಹ್ನೆಗಳ ಕಸ ತೆಗೆಯಲು ಜಾವಾ ಅನ್ನುವ ಕಂಪ್ಯೂಟರ್ ಭಾಷೆಯಲ್ಲಿ ಹತ್ತು ಸಾಲಿನ ಪ್ರೋಗ್ರಾಂ ಬರೆದ. ಓದು, ಕಸ ತೆಗೆ, ಅದೇ ಹೆಸರಿನಲ್ಲಿ ವಾಪಸ್ ಬರೆ. ಆಮೇಲೆ ತೆರೆದೂ ನೋಡಿದ್ದ, ಸುಮ್ಮನೆ ಬಿಟ್ಟಿರಲಿಲ್ಲ. ಆದರೆ ಆ ಯಂತ್ರದಲ್ಲಿ ಕನ್ನಡದ ಫಾಂಟೇ ಇರಲಿಲ್ಲ. ಕನ್ನಡದ ಫೈಲು ಅಲ್ಲಿ ಹೇಗಿದ್ದರೂ ಗಜಿಬಿಜಿಯಾಗಿಯೇ ಕಾಣಬೇಕು. ಗಜಿಬಿಜಿ ಕಂಡಿತು, ಸರಿಯಾಗಿದೆ ಎಂದುಕೊಂಡು ಮುಚ್ಚಿಟ್ಟ. ಆಫೀಸಿನ ಕೆಲಸ ಹೆಚ್ಚಿ ವೆಬ್‌ಸೈಟ್ ಅಲ್ಲಿಗೇ ನಿಂತಿತು. ಇಂಗ್ಲಿಷಿನವನಾಗಿದ್ದರೆ ಮೊದಲ ಸಾಲಿನಲ್ಲೇ ಹೌಹಾರುತ್ತಿದ್ದ. ಗಜಿಬಿಜಿ ನೋಡಿ ಸಮಾಧಾನಪಡುವ ಭಾಗ್ಯ ನಮ್ಮ ಹುಡುಗರಿಗೆ ಮಾತ್ರ.

ಬೇರೆ ಯಾವ ತಂದೆಯಾಗಿದ್ದರೂ ಬಾಯಿಗೆ ಬಂದಂತೆ ಬೈಯುತ್ತಿದ್ದ. ಸಿದ್ರಾಮಪ್ಪನಿಗೂ ಸಿಟ್ಟು ಬಂತು, ಆದರೆ ಅದಕ್ಕಿಂತ ಮುಂಚೆ ಪ್ರಶ್ನೆ ಬಂತು. ಕುರ್ಚಿ ಎಳೆದುಕೊಂಡು ಕೂತ. ಓದಿದ್ದು ಯಾರು, ತಪ್ಪು ಓದಿದ್ದು ಯಾಕೆ, ಮೈ ಬಿಟ್ಟು ತಲೆಕಟ್ಟನ್ನೇ ಯಾಕೆ ನುಂಗಿತು, ಇದು ಹೊಟ್ಟೆಬಾಕತನವೋ ಕುರುಡೋ ಎಂದು ಶುರು ಮಾಡಿದ.

ಶ್ರೀಶೈಲ ತಲೆ ಹಿಡಿದುಕೊಂಡೇ ಬಿಡಿಸಿ ಹೇಳಿದ. ಫ್ಲಾಪಿಯಲ್ಲಿ ಅಕ್ಷರ ಎಂಬುದೇ ಇಲ್ಲ, ಬರೀ ಸಂಖ್ಯೆಗಳಿವೆ. ಒಂದೊಂದು ಸಂಖ್ಯೆಗೆ ಬೈಟ್ ಅನ್ನುತ್ತಾರೆ, ಸೊನ್ನೆಯಿಂದ ಇನ್ನೂರೈವತ್ತೈದರವರೆಗೆ ಯಾವುದಾದರೂ ಇರಬಹುದು. ಜಾವಾದಲ್ಲಿ ಒಬ್ಬೊಬ್ಬರಿಗೆ ಒಂದೊಂದೇ ಕೆಲಸ. ಸ್ಟ್ರೀಮ್ ಅನ್ನುವುದು ಆ ಸಂಖ್ಯೆಗಳನ್ನು ಒಂದರ ಹಿಂದೊಂದು ತಂದು ಸುರಿಯುತ್ತದೆ, ಅದಕ್ಕೆ ಅಕ್ಷರಜ್ಞಾನವಿಲ್ಲ. ಅದರ ಮೇಲೆ ರೀಡರ್ ಅನ್ನುವ ಇನ್ನೊಂದನ್ನು ಹೊದಿಸಬೇಕು. ಅದು ಒಂದು ಪಟ್ಟಿ ನೋಡಿಕೊಂಡು, ಈ ಸಂಖ್ಯೆ ಅಂದರೆ ಈ ಅಕ್ಷರ ಎಂದು ಓದಿ ಕೊಡುತ್ತದೆ. ಯಾವ ಪಟ್ಟಿ ಎಂದು ನಾವು ಹೇಳದಿದ್ದರೆ ಆ ಯಂತ್ರದಲ್ಲಿ ಯಾವುದಿದೆಯೋ ಅದನ್ನೇ ಎತ್ತಿಕೊಳ್ಳುತ್ತದೆ. ಆಫೀಸಿನ ಯಂತ್ರದ ಪಟ್ಟಿ ನೂರಾ ಇಪ್ಪತ್ತೇಳಕ್ಕೇ ಮುಗಿದಿತ್ತು. ಹುಬ್ಬಳ್ಳಿಯವರು ಅಕ್ಷರದ ಮೈಗಳನ್ನು ಕೆಳಗಿನ ಸಂಖ್ಯೆಗಳಲ್ಲಿ ಇಟ್ಟಿದ್ದರು, ತಲೆಕಟ್ಟು ಕೊಂಬು ಒತ್ತುಗಳನ್ನೆಲ್ಲ ಮೇಲಿನವುಗಳಲ್ಲಿ. ಮೇಲಿನದು ಯಾವುದು ಬಂದರೂ ರೀಡರ್ ನನಗೆ ಗೊತ್ತಿಲ್ಲ ಅಂದಿತು, ಬರೆಯುವಾಗ ಆ ಗೊತ್ತಿಲ್ಲದ್ದೆಲ್ಲ ಒಂದೇ ಪ್ರಶ್ನೆ ಚಿಹ್ನೆಯಾಗಿ ಬಿತ್ತು.

ಸಿದ್ರಾಮಪ್ಪ ಬೆರಳು ಮಡಚುತ್ತಾ ಕೇಳಿಸಿಕೊಂಡ.

"ಹಂಗಾರ ಹೊರಾಂವ ಒಬ್ಬ, ಓದಾಂವ ಒಬ್ಬ. ಹೊತ್ತಾವಂದು ತಪ್ಪಿಲ್ಲ. ಓದಾವಗ ಯಾವ ಕೇಸು ಅಂತ ನೀ ಹೇಳಲಿಲ್ಲ."

"ಹೇಳಲಿಲ್ರಿ."

ಇನ್ನೊಂದು ಪ್ರಶ್ನೆ ಉಳಿದಿತ್ತು. ಕಳೆದುಹೋದ ಒಂದೊಂದು ತುಂಡಿಗೂ ಒಂದೊಂದು ಚಿಹ್ನೆಯೋ, ಇಲ್ಲಾ ನಾಲ್ಕು ಹೋದಲ್ಲಿ ಒಂದೋ? ಶ್ರೀಶೈಲ ಲೆಕ್ಕ ಹಾಕಿ ನೋಡಿ, ಒಂದಕ್ಕೆ ಒಂದೇ ಎಂದ. ಸಿದ್ರಾಮಪ್ಪ ಉಸಿರು ಬಿಟ್ಟ. ಪ್ರೆಸ್ಸಿನಲ್ಲಿ ಜೋಡಿಸಿದ ಪುಟ ಕೈಜಾರಿ ಬಿದ್ದರೆ ಮೊಳೆಗಳೆಲ್ಲ ಉಳಿದಿರುತ್ತವೆ, ಯಾವುದು ಎಲ್ಲಿತ್ತು ಎಂಬುದು ಹೋಗಿರುತ್ತದೆ. ಇಲ್ಲಿ ಜಾಗಗಳೆಲ್ಲ ಉಳಿದಿದ್ದವು. ಜಾಗ ಉಳಿದಿದ್ದರೆ ತುಂಬಬಹುದು.

ಮುಂದಿನ ಮೂರು ವಾರ ಅವನು ಹ್ಯೂಸ್ಟನ್ನಿಗೆ ಹೋಗಲಿಲ್ಲ, ಅಂಗಡಿಗೆ ಬೀಗ ಹಾಕಿಸಿದ. ಶ್ರೀಶೈಲ ಹೊಸ ಪ್ರೋಗ್ರಾಂ ಬರೆದ. ಈ ಸಲ ರೀಡರನ ಕೈಗೆ ಕೊಡದೆ ಬೈಟುಗಳನ್ನು ಇದ್ದ ಹಾಗೇ ತಂದು, ಒಂದೊಂದು ಬೋಳು ಮೈಯ ಪಕ್ಕದಲ್ಲಿ ಎಷ್ಟು ಜಾಗ ಖಾಲಿ ಇದೆ ಎಂದು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿಕೊಟ್ಟ. ಯಾವ ಮೈಯ ಹಿಂದೆ ಯಾವ ತುಂಡು ಬರಬಹುದು, ಯಾವುದು ಬರಲಾರದು ಎಂಬ ಪಟ್ಟಿಯನ್ನು ಸಿದ್ರಾಮಪ್ಪ ಹೇಳಿ ಬರೆಸಿದ. ಯಾವ ಪುಸ್ತಕವನ್ನೂ ನೋಡದೆ, ಕಣ್ಣು ಮುಚ್ಚಿ, ಗದಗಿನ ಆ ಮರದ ತಟ್ಟೆಯ ಮೇಲೆ ಕೈಯಾಡಿಸುತ್ತಾ ಹೇಳಿದ. ಮಗ ಅದನ್ನು ನೋಡುತ್ತಾ ಟೈಪು ಮಾಡುವುದನ್ನೇ ಮರೆತ. ಅಪ್ಪನ ಕಸುಬು ಎಂದರೆ ಏನು ಎಂದು ಅವನು ಇಷ್ಟು ವರ್ಷ ಕೇಳಿಯೇ ಇರಲಿಲ್ಲ, ಅದಕ್ಕಾಗಿ ಅವನಿಗೆ ನಾಚಿಕೆಯಾಯಿತು.

ಪ್ರೋಗ್ರಾಂ ಮೂರರಲ್ಲೊಂದು ಜಾಗ ತುಂಬಿತು. ಉಳಿದದ್ದನ್ನು ಸಿದ್ರಾಮಪ್ಪ ಪೆನ್ಸಿಲಿನಲ್ಲಿ ತುಂಬಿದ. ಮೊಳೆಯನ್ನು ತಲೆಕೆಳಗಾಗಿ ಓದಿ ಬೆಳೆದವನಿಗೆ ಬೋಳು ಅಕ್ಷರ ಅಂಥಾ ಕಷ್ಟವೇ? ಪ್ರಾಸ ಹಿಡಿದರೆ ಅರ್ಧ ಸಾಲು ತಾನಾಗಿ ಬರುತ್ತಿತ್ತು. ಕೆಲವು ಕಡೆ ಮಾತ್ರ ದಿನಗಟ್ಟಲೆ ಕೂತ. ಇಡೀ ಪುಸ್ತಕದಲ್ಲಿ ಐದಾರು ಪ್ರಶ್ನೆ ಚಿಹ್ನೆಗಳು ನಿಜವಾದ ಪ್ರಶ್ನೆಗಳೇ ಆಗಿದ್ದವು, ಅವುಗಳ ಜಾಗದಲ್ಲಿ ಒತ್ತು ಹುಡುಕಿ ಹುಡುಕಿ ಸುಸ್ತಾಗಿ, ಗೊತ್ತಾದ ಮೇಲೆ ಒಬ್ಬನೇ ನಕ್ಕ.

ತಿಂಗಳ ನಾಲ್ಕನೆಯ ಶನಿವಾರ ಬೆಳಿಗ್ಗೆ ತಿಂಡಿಯಾದ ಮೇಲೆ ಶಾಂತವ್ವನ ಎದುರಿಗೆ ಕೂತ. ಕೈಯಲ್ಲಿ ಹಾಳೆ. ಇದು ಆಗದಿದ್ದರೆ ಮುಂದೇನು ಎಂದು ಅವನಿಗೆ ಗೊತ್ತಿರಲಿಲ್ಲ, ಅವಳ ದನಿ ಇನ್ನು ಬರೀ ಗುನುಗಾಗಿಯೇ ಉಳಿಯುತ್ತದೆ ಎಂಬ ಹೆದರಿಕೆ ಮೂರು ವಾರದಿಂದ ಇತ್ತು. ಮೊದಲ ಹಾಡನ್ನು ನಿಧಾನವಾಗಿ ಓದಿದ.

ಕಲ್ಲು ತಿರುಗತಾವ ಕಾಳು ನುರಿತಾವ
ಮೆಲ್ಲಕ ಬೆಳಕ ಹರದಾವ, ನನ ತಂಗಿ
ಎಲ್ಲಿ ಕುಂತ ನೀನು ಬೀಸತಿ

ಅವಳು ಅವನ ಬಾಯಿಯನ್ನೇ ನೋಡಿದಳು. ಎರಡನೆಯ ಸಲ ಓದುವಾಗ ರಾಗ ಹಿಡಿದಳು. ಮೂರನೆಯ ಸಲ 'ಕಲ್ಲು' ಎಂದಳು. ಸ್ಪಷ್ಟವಾಗಿ 'ಕಲ್ಲು ತಿರುಗತಾವ' ಎಂದಳು. ಆಮೇಲೆ ಅವನು ನಿಲ್ಲಿಸಿದರೂ ಅವಳು ನಿಲ್ಲಲಿಲ್ಲ, ಕೊನೆಯವರೆಗೂ ಹೋದಳು. ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಿದ್ದ ಶ್ರೀಶೈಲ ನಲ್ಲಿ ಬಂದ್ ಮಾಡಿ ಬಾಗಿಲಿಗೆ ಒರಗಿ ಅತ್ತುಬಿಟ್ಟ.

ಮಧ್ಯಾಹ್ನದ ಹೊತ್ತಿಗೆ ಮೂವತ್ತು ಹಾಡು. ಮರುದಿನ ಇನ್ನೂ ನಲವತ್ತು. ಅವನು ಎರಡು ಮಾತು ಹೇಳಿಕೊಟ್ಟರೆ ಸಾಕು, ಉಳಿದದ್ದು ಅವಳದು. ಅವನು ತುಂಬಿದ್ದರಲ್ಲಿ ಏನಾದರೂ ತಪ್ಪಿದ್ದರೆ ಅವಳು ತಲೆಯಾಡಿಸಿ ಸರಿಯಾದದ್ದನ್ನು ಹಾಡುತ್ತಿದ್ದಳು, ಶ್ರೀಶೈಲ ಕಂಪ್ಯೂಟರ್ ಮುಂದೆ ಕೂತು ತಿದ್ದುತ್ತಿದ್ದ. ಮೂವರಿಗೂ ಹಬ್ಬದಂತಿತ್ತು. ಹೀಗೆ ಎಪ್ಪತ್ತೊಂದನೆಯ ಹಾಡು ಬಂತು.

ಸಿದ್ರಾಮಪ್ಪ ಓದಿದ.

ಕೇಳಿದನ ನನ ರಾಯ ಬರತಿಯೇನ ಅಂತಂದು
ಗಾಳ್ಯಾಗ ಹೊತ್ತು ತಂದಾನ, ಈ ಊರ
ಬಾಳೇವು ಬಂಗಾರ ಆಗ್ಯಾದ

ಶಾಂತವ್ವ ತಲೆಯಾಡಿಸಿದಳು. ಅವನು ಮತ್ತೆ ಓದಿದ, ಈ ಸಲ ಸ್ವಲ್ಪ ಬೇಗ. ಅವಳು ಆಗದ ಕೈಯನ್ನು ಆಗುವ ಕೈಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡು, ಅವನನ್ನೇ ನೋಡುತ್ತಾ ತಾನೇ ಹಾಡಿದಳು.

ಕೇಳಲಿಲ್ಲೊ ರಾಯ ಬರತಿಯೇನ ಅಂತಂದು
ಗಾಳ್ಯಾಗ ಹೊತ್ತು ತಂದಾನ, ಈ ಊರಾಗ
ಹೇಳಲಿ ಯಾರಿಗಿ ಮನದಾಗಿಂದ

ಶ್ರೀಶೈಲ ಪರದೆ ನೋಡಿದ. ಬೋಳು ಮೈಗಳನ್ನು ಒಂದೊಂದಾಗಿ ಎಣಿಸಿದ.

"ಅವ್ವ ಹಾಡಿದ್ದು ಇಲ್ಲಿ ಕೂಡಂಗಿಲ್ರಿ, ಅಪ್ಪಾ. ಮೈನ ಬ್ಯಾರೆ ಅದಾವ. ಮೈಗೆ ನಾ ಏನೂ ಮಾಡಿಲ್ಲ. ಹೋಗಿದ್ದು ಮ್ಯಾಲಿನ ತುಂಡು ಅಷ್ಟ."

ಪ್ರೋಗ್ರಾಂ ಎಲ್ಲಿ ತಪ್ಪಿತು ಎಂದು ಅವನು ಹುಡುಕತೊಡಗಿದ. ಕೆಳಗಿನ ಸಂಖ್ಯೆಗಳೂ ಕೆಟ್ಟಿದ್ದರೆ ಇನ್ನೆಷ್ಟು ಹಾಡು ಹಾಳಾಗಿರಬಹುದು ಎಂದು ಗಾಬರಿಯಾದ. ಫೈಲನ್ನು ಮತ್ತೆ ಮೊದಲಿನಿಂದ ಓದಿಸಿದ. ಅದೇ ಬಂತು. ಮತ್ತೊಮ್ಮೆ ಓದಿಸಿದ.

ಸಿದ್ರಾಮಪ್ಪ ಕನ್ನಡಕ ತೆಗೆದು ಹಾಳೆಯ ಮೇಲಿಟ್ಟ. ಪ್ರೆಸ್ಸಿನಲ್ಲಿ ಅವನು ಕವಿಗಳ ಪ್ರಾಸ ತಿದ್ದಿದ್ದುಂಟು, ಲಗ್ನಪತ್ರಿಕೆಯಲ್ಲಿ ಬೀಗರ ಹೆಸರು ಮೇಲೆ ಕೆಳಗೆ ಮಾಡಿದ್ದುಂಟು, ಯಾರೂ ಕೇಳುತ್ತಿರಲಿಲ್ಲ. ೧೯೯೮ರ ಆ ಚಳಿಗಾಲ ಶಾಂತವ್ವ ಈ ಹಾಡು ಹೇಳಿದಾಗಲೂ ಅವನು ತಲೆ ಎತ್ತಿರಲಿಲ್ಲ. ನಾಳೆ ನಾಲ್ಕು ಮಂದಿ ಓದುತ್ತಾರೆ, ಗದಗಿಗೂ ಒಂದು ಪ್ರತಿ ಹೋಗುತ್ತದೆ, ಅವಳ ಅಣ್ಣನೂ ನೋಡುತ್ತಾನೆ ಎಂದು ಯೋಚಿಸಿ, ಅವಳು ಹಾಡುತ್ತಿರುವಾಗಲೇ ಬೇರೆಯದನ್ನು ಟೈಪು ಮಾಡಿದ್ದ. ಅವಳಿಗೆ ಓದು ಬರುತ್ತಿರಲಿಲ್ಲ. ಗಂಡನ ಬೆರಳು ಆಡುವುದನ್ನು ನೋಡಿ, ತಾನು ಹೇಳಿದ್ದೇ ಇಳಿಯುತ್ತಿದೆ ಎಂದು ನಂಬಿದ್ದಳು.

ಜಗತ್ತಿನ ಎಲ್ಲರಿಗೂ ಪ್ರಶ್ನೆ ಕೇಳಿದ ಮನುಷ್ಯ. ಗದಗಿನಿಂದ ಹೊರಡುವ ಮುಂಚೆ ಅವಳನ್ನು ಬರುತ್ತೀಯೇನೆ ಎಂದು ಮಾತ್ರ ಕೇಳಿರಲಿಲ್ಲ, ಕೇಳಿದ್ದೆ ಎಂದು ತಾನೇ ಅಚ್ಚು ಹಾಕಿಸಿಕೊಂಡಿದ್ದ. ನಾಚಿಕೆಯಿಂದ ಅವನ ಕಿವಿ ಬಿಸಿಯಾದವು.

"ಬಿಡಪ, ಹುಡುಕಬ್ಯಾಡ," ಎಂದ. "ಫೈಲು ಖರೇನ ಐತಿ. ನಾನ ಸುಳ್ಳ ಜೋಡಿಸಿದ್ದೆ."

ಶ್ರೀಶೈಲನ ಕೈ ನಿಂತಿತು. ತಂದೆಯನ್ನು ನೋಡಿದ, ತಾಯಿಯನ್ನು ನೋಡಿದ. ಹಂಗಾರೆ ಯಾವುದನ್ನು ಇಡಲಿ ಎಂದು ಮೆಲ್ಲಗೆ ಕೇಳಿದ. ಅವಳು ಹಾಡಿದ್ದನ್ನು ಇಡು, ಅಕ್ಷರ ಆಚೀಚೆ ಮಾಡಬೇಡ ಎಂದ ಸಿದ್ರಾಮಪ್ಪ. ಮಗ ಆ ಮೂರು ಸಾಲಿನ ಬೋಳು ಅಕ್ಷರಗಳನ್ನೆಲ್ಲ ಅಳಿಸಿ ಹೊಸದಾಗಿ ಬರೆದ. ಬರೆದು, ಅವ್ವನಿಗೆ ಕೇಳುವಂತೆ ಗಟ್ಟಿಯಾಗಿ ಓದಿದ. ಅವಳು ಹೌದೆಂದು ತಲೆದೂಗಿದಳು.

ಎಪ್ಪತ್ತೆರಡನೆಯದನ್ನು ಓದಲು ಸಿದ್ರಾಮಪ್ಪ ಕನ್ನಡಕ ಹಾಕಿಕೊಂಡು ಹಾಳೆ ತಿರುಗಿಸಿದ. ಅವನು ಬಾಯಿ ತೆರೆಯುವ ಮೊದಲೇ ಶಾಂತವ್ವ ಶುರು ಮಾಡಿದ್ದಳು. ಯಾರೂ ಹೇಳಿಕೊಡದೆ, ತಡವರಿಸದೆ. ಅವನು ಹಾಳೆಯಲ್ಲಿ ಹುಡುಕಿದ, ಹಿಂದಿನ ಹಾಳೆಯಲ್ಲೂ ಹುಡುಕಿದ. ಆ ಹಾಡು ನೂರಾ ಹನ್ನೆರಡರಲ್ಲಿ ಎಲ್ಲೂ ಇರಲಿಲ್ಲ. ಅವಳು ಅದನ್ನು ಅವನಿಗೆ ಯಾವತ್ತೂ ಹೇಳಿರಲೇ ಇಲ್ಲ. ಎರಡನೆಯ ಸಾಲಿನಲ್ಲಿ ಅವನ ಹೆಸರಿತ್ತು, ಮೂರನೆಯ ಸಾಲು ಅವನಿಗೆ ಕೇಳಲಾಗದಷ್ಟು ಖಾರವಾಗಿತ್ತು.

ಸಿದ್ರಾಮಪ್ಪ ಹಾಳೆಯನ್ನು ಮಗುಚಿ ಖಾಲಿ ಬದಿ ಮೇಲೆ ಮಾಡಿದ. ಪೆನ್ಸಿಲ್ ತೆಗೆದುಕೊಂಡ.

"ಇನ್ನೊಮ್ಮೆ ಹಾಡು," ಎಂದ. "ನಿಧಾನಕ ಹಾಡು. ಹೆಂಗ ಐತಿ ಹಂಗ ಬರ್ಕೋತೀನಿ."

ಅವಳು ನಿಧಾನವಾಗಿ ಮತ್ತೆ ಹಾಡಿದಳು, ಅವನು ಅವಳ ಬಾಯಿಯನ್ನೇ ನೋಡುತ್ತಾ ಮೂರೂ ಸಾಲು ಬರೆದುಕೊಂಡ.